ಒಳಗೂ ಚಿನ್ನವೇ?

ನಾನಾಗ ಪೀಣ್ಯದ ಒಂದು ಶೆಡ್ಡಿನಲ್ಲಿ ತಾಮ್ರದ ಒಡವೆಗಳಿಗೆ ಚಿನ್ನದ ನೀರು ಹಾಕುವ ಕೆಲಸದಲ್ಲಿದ್ದೆ. ಹೀಗಿರುವಾಗ ನಿಶ್ಚಿತಾರ್ಥದಲ್ಲಿ ನಾನು ತೊಡಿಸಿದ ಉಂಗುರವನ್ನು ಹುಡುಗಿಯ ತಾಯಿ ನಂಬಲಿಲ್ಲ ಅಂದರೆ ಅವರದೇನೂ ತಪ್ಪಿಲ್ಲ ಬಿಡಿ. ಒಂದು ದಿನ ಉಂಗುರ ಹಿಡಿದುಕೊಂಡು ಬಂದೇಬಿಟ್ಟರು.

"ನಿಮ್ ಪೀಣ್ಯದಲ್ಲೇ ಚಿನ್ನ ಪರೀಕ್ಷೆ ಮಾಡೋ ಮಿಷಿನ್ ಐತಂತೆ. ನಡೀರಿ, ನೋಡೇಬುಡಾಣ."

ಅಂಗಡಿಯಲ್ಲಿ ಉಂಗುರವನ್ನು ನನ್ನ ಕೈಗೆ ಕೊಡದೆ ತಾವೇ ಕೌಂಟರಿನ ಮೇಲಿಟ್ಟರು. ಅಂಗಡಿಯವನು ಅದನ್ನು ಮಿಷಿನ್ನಿನೊಳಗಿಟ್ಟು ಮುಚ್ಚಿದ. ಪರದೆಯ ಮೇಲೆ 91.6 ಅಂತ ಬಂತು.

"ಅಂಗಾದ್ರೆ ಮಿಕ್ಕಿದ್ದು ಕಲಬೆರಕೆ!" ಅಂದರು, ನನ್ನನ್ನೇ ದುರುಗುಟ್ಟಿ ನೋಡುತ್ತ.

"ಇಲ್ಲಮ್ಮ, ಇಪ್ಪತ್ತೆರಡು ಕ್ಯಾರೆಟ್ ಅಂದ್ರೆ ಇದೇನೇ. ಸ್ವಲ್ಪ ತಾಮ್ರನೋ ಬೆಳ್ಳಿನೋ ಸೇರಿಸದಿದ್ರೆ ಉಂಗುರ ಸೊಟ್ಟಗಾಗುತ್ತೆ" ಅಂದ ಅಂಗಡಿಯವನು.

"ನಿಮಗೆ ಇವರು ಮೊದ್ಲೇ ಪರಿಚಯನಾ?"

"ಅಯ್ಯೋ, ಇವತ್ತೇ ನೋಡ್ತಿರೋದು."

"ಈ ಮಿಷಿನ್ನು ಒಳಗಡೆನೂ ನೋಡ್ತದಾ, ಬರೀ ಮೇಲ್ಗಡೆನಾ?"

ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ ಅನ್ನುವುದು ನನಗೂ ಗೊತ್ತಿತ್ತು. ಅಂಗಡಿಯವನು ಸಂಕೋಚದಿಂದಲೇ ಒಪ್ಪಿಕೊಂಡ. "ಬೇಕಾದ್ರೆ ಒಳಬದಿಯಲ್ಲಿ ಸ್ವಲ್ಪ ಅರ ಹಾಕಿ ನೋಡ್ಬೋದು" ಅಂದ.

"ಹಾಕಿ."

ಉಂಗುರಕ್ಕೆ ಅರ ತಾಗಿದ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಮತ್ತೆ 91.6 ಬಂತು. ಅವರ ಮುಖ ಸ್ವಲ್ಪ ಸಡಿಲವಾಯಿತು.

ಅಂಗಡಿಯವನಿಗೂ ಉತ್ಸಾಹ ಬಂತು. "ನಿಮ್ ಬಳೆನೂ ಕೊಡಿ ಅಮ್ಮಾ, ಪುಕ್ಕಟೆ ನೋಡ್ತೀನಿ" ಅಂದ.

ಅವರು ಸರಕ್ಕನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬ್ಯಾಡ ಬುಡಪ್ಪ. ಅವು ನಮ್ ಯಜಮಾನ್ರು ತಂದುಕೊಟ್ಟಿದ್ದು."

ನಂಬಿಕೆಯಿಂದ ಹಾಗಂದರೋ, ಭಯದಿಂದಲೋ? ಮಾವನವರನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.