ಅಮ್ಮ ತುಂಬಿಸಿದ ಬಾಟಲಿ

ನನಗೆ ಕೂತಲ್ಲಿ ಕೂರೋ ಜಾಯಮಾನ ಇಲ್ಲ. ಕರಾವಳಿಯಲ್ಲಿ ನನ್ನ ಕೆಲಸ ನದಿ ಸಮುದ್ರ ಸೇರುವ ಅಳಿವೆಯ ನೀರನ್ನು ಪರೀಕ್ಷೆ ಮಾಡುವುದು. ಉಪ್ಪು ಎಷ್ಟು, ಆಮ್ಲಜನಕ ಎಷ್ಟು, ಮೇಲಿನ ಊರುಗಳಿಂದ ಏನೇನು ಹೊಲಸು ಹರಿದು ಬಂತು, ಇದೇ. ದೋಣಿಯಲ್ಲಿ ನನ್ನ ಬಾಟಲಿ ಬೇರೆಯವರು ಮುಟ್ಟಿದರೆ ರೇಗಿಬಿಡುತ್ತೇನೆ. ಶ್ರೀನಿವಾಸಪುರದ ಕಡೆಯ ನಮ್ಮೂರಲ್ಲಿ ಅಳಿವೆ ಅಂದರೆ ಯಾರಿಗೂ ತಿಳಿಯದು. "ನೀರು ನೋಡೋ ಕೆಲಸ" ಅಂದೆ ಅನ್ನಿ, ಬೋರ್‌ವೆಲ್ ಪಾಯಿಂಟ್ ತೋರಿಸ್ತೀಯೇನಮ್ಮಾ ಅಂತ ಕೇಳುತ್ತಾರೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ಹಳೇ ಬೋರಿನ ಫ್ಲೋರೈಡ್ ನೀರು ಕುಡಿದೇ ಬೆಳೆದ ದೊಡ್ಡವಳ ಹಲ್ಲಿನ ತುಂಬ ಕಂದು ಪಟ್ಟೆ. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಚಿಕ್ಕವಳಿಗೆ ನಾಲ್ಕು ವರ್ಷ, ಒಸಡಿನೊಳಗೆ ಹೊಸ ಹಲ್ಲು ತಯಾರಾಗುವ ವಯಸ್ಸು. ಅವಳಿಗಾಗಿ ಅಣ್ಣ ಪಕ್ಕದೂರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುತ್ತಿದ್ದ. ಈಗ ಹೊಸ ಬೋರ್ ಕೊರೆಸಿದ್ದರು. "ಈ ನೀರು ಇವಳಿಗೆ ಕುಡಿಸಬಹುದಾ, ನೋಡಿ ಹೇಳೇ" ಅಂದರು ಅತ್ತಿಗೆ.

ಹೊರಡೋ ದಿನ ಬೆಳಿಗ್ಗೆ ಬೋರಿಗೆ ಕರೆಂಟು ಬಂದಾಗ, ಲ್ಯಾಬಿಗೆ ಒಯ್ಯುವ ಬಾಟಲಿ ಹೊರಗಿಟ್ಟು ನಾನು ಸ್ನಾನಕ್ಕೆ ಹೊರಟಿದ್ದೆ. "ಬಾಟ್ಲಿ ನಾನೇ ತುಂಬಿಸಿಡ್ತೀನಿ ಬಿಡೇ" ಅಂದಳು ಅಮ್ಮ. ಬಿಟ್ಟೆ.

ಲ್ಯಾಬಿನಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಬಂತು. ಖುಷಿಗೆ ಇನ್ನೊಂದು ಸಲ ಯೋಚಿಸುವ ಬುದ್ಧಿಯೂ ಬರಲಿಲ್ಲ. ಆಗಲೇ ಫೋನ್ ಮಾಡಿ, "ಧೈರ್ಯವಾಗಿ ಕುಡಿಸಿ" ಅಂದೆ.

ಆಮೇಲೆ ಶುರುವಾಯಿತು ನೋಡಿ ಕಸಿವಿಸಿ. ಏನೋ ಸರಿಯಿಲ್ಲ, ಏನು ಅಂತ ತಿಳಿಯದು. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಮೂರು ವಾರ ಕಳೆದ ಮೇಲೆ, ದೋಣಿಯಲ್ಲಿ ಅಳಿವೆಯ ಉಪ್ಪಿನಂಶ ಬರೆದುಕೊಳ್ಳುವಾಗ ಹೊಳೆಯಿತು. ಹೊಸ ಬೋರಿನ ನೀರಲ್ಲಿ ಬೇಳೆ ಬೇಯಲ್ಲ ಅಂತ ಅತ್ತಿಗೆ ಗೊಣಗಿದ್ದರಲ್ಲ! ಬೇಳೆ ಬೇಯದಷ್ಟು ಗಡಸು ನೀರು. ಲ್ಯಾಬಿನ ಲೆಕ್ಕದಲ್ಲಿ ನನ್ನ ಬಾಟಲಿಯಲ್ಲಿದ್ದದ್ದು ಲವಣವೇ ಇಲ್ಲದ ನೀರು.

ದಡಕ್ಕೆ ಕಾಲಿಟ್ಟವಳೇ ಅಮ್ಮನಿಗೆ ಫೋನ್ ಹಚ್ಚಿದೆ. "ಬಾಟ್ಲಿಗೆ ಯಾವ ನೀರು ತುಂಬಿಸಿದೆ?"

"ಕ್ಯಾನ್ ನೀರು. ಅಷ್ಟು ದೂರ, ಓದಿದೋರ ಮುಂದೆ ಇಡೋ ನೀರು. ಬೋರ್ ನೀರು ಕಳಿಸಿದ್ರೆ ಮರ್ಯಾದೆ ಇರುತ್ತೇನೇ?"

ಬೈಯೋಣ ಅಂದರೆ ತಪ್ಪು ನನ್ನದೇ. ಅಳಿವೆಯಲ್ಲಿ ಯಾರನ್ನೂ ನಂಬದ ನಾನು ಮನೆಯಲ್ಲಿ ಬಾಟಲಿ ಬಿಟ್ಟು ಸ್ನಾನಕ್ಕೆ ಹೋಗಿದ್ದೆನಲ್ಲ. "ಕ್ಯಾನ್ ತರೋದು ನಿಲ್ಲಿಸಿದ್ರಾ?" ಅಂದೆ.

"ಹೂಂ, ನೀನು ಹೇಳಿದ ದಿನಾನೇ."

ಅಂದರೆ ಮೂರು ವಾರದಿಂದ ಚಿಕ್ಕವಳು ಬೋರ್ ನೀರೇ ಕುಡಿಯುತ್ತಿದ್ದಾಳೆ. ಅಷ್ಟರಲ್ಲಿ ದೊಡ್ಡವಳು ಫೋನ್ ಇಸ್ಕೊಂಡಳು. "ಅತ್ತೆ, ತಂಗಿಗೆ ಆ ನೀರು ನಾನು ಕುಡಿಸಿಲ್ಲ. ದಿನಾ ಸ್ಕೂಲಿನ ಫಿಲ್ಟರಿಂದ ಎರಡು ಬಾಟ್ಲಿ ತರ್ತಿದ್ದೀನಿ."

"ನೀರು ಚೆನ್ನಾಗಿದೆ ಅಂತ ನಾನೇ ಹೇಳಿದ್ದೆನಲ್ಲೇ?"

"ನಾನು ಚಿಕ್ಕವಳಿದ್ದಾಗ ಹಳೇ ಬೋರ್ ನೀರನ್ನೂ ಚೆನ್ನಾಗಿದೆ ಅಂತಾನೇ ಹೇಳಿದ್ರಂತಲ್ಲ ಅತ್ತೆ" ಅಂದಳು.