ಹೊಳೆಯ ಚಿನ್ನ, ಮೈಲಾಪೂರಿನ ಒರೆಗಲ್ಲು

ಮೈಲಾಪೂರಿನ ಆಚಾರಿಯವರ ಚಿನ್ನದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೂರು ವರ್ಷ ರಜೆ ಸಿಕ್ಕಾಗಲೆಲ್ಲ ಊರ ಹೊಳೆಯ ಮರಳನ್ನು ತಟ್ಟೆಯಲ್ಲಿ ಜಾಲಿಸಿ ಕೂಡಿಟ್ಟ ಚಿನ್ನದ ಪುಡಿಯನ್ನು ಮಾತ್ರೆ ಡಬ್ಬಿಯಲ್ಲಿ ತಂದಿದ್ದೆ. ಅದು ಹಿತ್ತಾಳೆಯೆಂದು ಇಲ್ಲೇ ವಾಸವಿರುವ ಅಕ್ಕ ಅಷ್ಟೂ ವರ್ಷ ನಕ್ಕಿದ್ದಳು. ನನಗೆ ತಮಿಳು ಬಾರದು. ಇವತ್ತು ಅವಳೇ ದುಭಾಷಿ.

ಆಚಾರಿಯವರು ಪುಡಿ ನೋಡಿ ಮುಖ ಸಿಂಡರಿಸಿದರು.

“ಅಕ್ಕಸಾಲಿಗರ ಬೀದಿ ಚರಂಡಿ ಮಣ್ಣು ತೊಳೆದು ತಂದಿದ್ದಾ ಅಂತ ಕೇಳ್ತಿದ್ದಾರೆ ಕಣೋ,” ಎಂದಳು ಅಕ್ಕ, ಖುಷಿಯಾಗಿ. ಹಾಗೆ ತೊಳೆದು ಬದುಕುವವರೂ ಇದ್ದಾರಂತೆ. ಹಾಗೆ ಸಿಕ್ಕ ಪುಡಿಯಲ್ಲಿ ಅರದಿಂದ ಉಜ್ಜಿದ ಗೀರು ಕಾಣುತ್ತದಂತೆ.

ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಒಂದೂ ಗೀರಿಲ್ಲ, ನೀರು ಸವೆಸಿದ ನುಣುಪು ಮಾತ್ರ. ಪುಡಿಯನ್ನು ಕರಗಿಸಿ, ಮೆಣಸಿನಕಾಳಿನಷ್ಟು ಗುಂಡನ್ನು ಒರೆಗಲ್ಲಿಗೆ ಉಜ್ಜಿ, ಆಸಿಡ್ ಬಿಟ್ಟರು. ಹಿತ್ತಾಳೆಯಾಗಿದ್ದರೆ ಅಳಿಯಬೇಕಿದ್ದ ಗೆರೆ ಅಳಿಯಲಿಲ್ಲ. ಎದ್ದು ನಿಂತು ಏನೋ ಹೇಳಿದರು. ಅಕ್ಕ ಬಗ್ಗಿ ಆ ಗುಂಡನ್ನೇ ನೋಡತೊಡಗಿದಳು.

“ಏನಂದ್ರು, ಹೇಳೇ.”

“ಒಡವೆಯಾಗಿ ಇನ್ನೂ ಯಾರ ಮೈಮೇಲೂ ಏರದ ಚಿನ್ನಾನ ಇವತ್ತೇ ಮೊದಲು ನೋಡಿದ್ದಂತೆ.” ಆಮೇಲೆ ಮೆಲ್ಲಗೆ, “ಮಾರಬೇಡ್ವೋ. ನಂಗೊಂದು ಮೂಗುಬಟ್ಟು ಆಗತ್ತೆ,” ಎಂದಳು.

ಮಾರಿಯೇಬಿಟ್ಟೆ. ಮೂಗುಬಟ್ಟು ಬೇಕಿದ್ದರೆ ಹೊಳೆ ಊರಲ್ಲೇ ಇದೆ, ತಟ್ಟೆ ನಾನು ಕೊಡುತ್ತೇನೆ ಎಂದೆ.