ನಮ್ಮ ಊರಲ್ಲಿ ಕಾರ್ಖಾನೆ ಇತ್ತು

ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ಅತ್ತೆ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡತೊಡಗಿದರೆಂದರೆ, ಹೊಸಪೇಟೆಯ ನಮ್ಮ ಪಡಸಾಲೆಗೆ ಜರ್ಮನಿಯೂ ಚೀನಾವೂ ಬರುವ ವೇಳೆಯಾಯಿತೆಂದು ಅರ್ಥ. ದೊಡ್ಡ ಮಾತಾಯಿತೆಂದು ನೀವು ನಗಬಹುದು, ಬರುತ್ತಿದ್ದವರು ಇಬ್ಬರೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಹೊಸ ಯಂತ್ರಗಳನ್ನು ಜೋಡಿಸುವ ಕೆಲಸಕ್ಕೆಂದು ಬಂದು ನಮ್ಮ ಊರಿನ ಹೋಟೆಲಿನಲ್ಲಿ ಇಳಿದುಕೊಂಡಿದ್ದ ಇಂಜಿನಿಯರುಗಳು ಅವರು. ಒಬ್ಬರು ಯುರ್ಗೆನ್, ಜರ್ಮನಿಯವರು. ಐವತ್ತು ದಾಟಿದವರು, ನಮ್ಮ ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಬರುವಷ್ಟು ಎತ್ತರ. ಇನ್ನೊಬ್ಬರು ಲಿಯು, ಚೀನಾದವರು. ನಲವತ್ತರ ಆಚೀಚೆ, ಮಾತಿಗಿಂತ ಮೊದಲು ನಗು ಬರುವ ಮನುಷ್ಯ. ಕೆಲಸಗಾರರೊಡನೆ ನಾಲ್ಕು ಮಾತಾಡುವಷ್ಟು ಕನ್ನಡ ಬೇಕೆಂಬುದು ಇಬ್ಬರ ಆಸೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನನ್ನು ಯಾರೋ ತೋರಿಸಿಕೊಟ್ಟರು.

ನನ್ನ ತರಗತಿಗೆ ಒಂದೇ ನಿಯಮವಿತ್ತು: ಪಡಸಾಲೆಯಲ್ಲಿ ಕನ್ನಡ ಮಾತ್ರ, ಯಾರ ಬಾಯಲ್ಲಾದರೂ ತಪ್ಪಿ ಇಂಗ್ಲಿಷ್ ಬಂದರೆ ಅವರೇ ಎಲ್ಲರ ಚಹಾ ಕಪ್ಪು ತೊಳೆಯಬೇಕು. ವ್ಯಾಕರಣ ನನ್ನದು, ಭಾಷೆ ಅತ್ತೆಯದು ಎಂದು ಬೇಗನೆ ತಿಳಿಯಿತು. ನಾನು 'ದಯವಿಟ್ಟು ಕುಳಿತುಕೊಳ್ಳಿ' ಎಂದು ತಿದ್ದಿ ತಿದ್ದಿ ಕಲಿಸಿದರೆ, ಅವರು ಕಲಿತದ್ದು ಅತ್ತೆಯ 'ಕುಂದ್ರಿ'. ಅತ್ತೆಗೆ ಯುರ್ಗೆನ್ ಎಂಬ ಹೆಸರು ನಾಲಿಗೆಯಲ್ಲಿ ನಿಲ್ಲದೆ ಅವರು ಯುರ್ಗಣ್ಣನಾದರು, ಲಿಯು ಲಿಯಪ್ಪನಾದರು. "ಊಟ ಆತೇನ್ರಿ ಲಿಯಪ್ಪ" ಎಂದು ಅತ್ತೆ ಕೇಳಿದ ಮೊದಲ ದಿನ ಲಿಯು ಅವರ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಅವರ ಅಜ್ಜಿಯೂ ಬಂದವರನ್ನು ಮಾತಾಡಿಸುತ್ತಿದ್ದುದು ಹಾಗೆಯೇ ಅಂತೆ.

ಒಂದು ಭಾನುವಾರ ಭೂತಕಾಲದ ಪಾಠ. ಇದೆ, ಇಲ್ಲ, ಇತ್ತು, ಇರಲಿಲ್ಲ, ಈ ನಾಲ್ಕನ್ನು ಬಳಸಿ ನಿಮ್ಮ ಊರಿನ ಬಗ್ಗೆ ಹೇಳಿ ಎಂದೆ. ಯುರ್ಗೆನ್ ಸ್ವಲ್ಪ ಹೊತ್ತು ಯೋಚಿಸಿದರು.

"ನಮ್ಮ ಊರಲ್ಲಿ ಉಕ್ಕಿನ ಕಾರ್ಖಾನೆ ಇತ್ತು. ಈಗ ಇಲ್ಲ."

ಲಿಯು ಉತ್ಸಾಹದಿಂದ ಮುಂದುವರಿಸಿದರು. "ನಮ್ಮ ಊರಲ್ಲಿ ಕಾರ್ಖಾನೆ ಇರಲಿಲ್ಲ. ಈಗ ಇದೆ."

ಕ್ರಿಯಾಪದಗಳು ತಪ್ಪಿಲ್ಲದೆ ಬಂದದ್ದಕ್ಕೆ ಮೇಷ್ಟರಗಿತ್ತಿಯಾದ ನಾನು ಶಭಾಷ್ ಎಂದೆ. ಆಮೇಲೆ ಅನ್ನಿಸಿತು, ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನದವರು ಜಾಗತೀಕರಣವೆಂಬ ಪಾಠವನ್ನು ವಾರಗಟ್ಟಲೆ ಎಳೆಯುತ್ತಾರಲ್ಲ, ಅದನ್ನೆಲ್ಲ ಈ ಇಬ್ಬರು ಎರಡೆರಡು ವಾಕ್ಯದಲ್ಲಿ ಮುಗಿಸಿಬಿಟ್ಟರು ಎಂದು. ಯೋಚಿಸಿ ನೋಡಿ: ಒಂದು ಕಾಲಕ್ಕೆ ಇಂಗ್ಲೆಂಡಿನ ಹೊಗೆಕೊಳವೆಗಳೇ ಜಗತ್ತಿನ ಆಕಾಶವನ್ನು ಕಪ್ಪಾಗಿಸಿದ್ದವು, ಆಮೇಲೆ ಜರ್ಮನಿ, ಅಮೆರಿಕ, ಯುದ್ಧದಲ್ಲಿ ಸುಟ್ಟು ಬೂದಿಯಾದ ಮೇಲೂ ಎದ್ದು ನಿಂತ ಜಪಾನು, ನಮ್ಮ ಕಣ್ಣೆದುರಿಗೇ ಬೆಳೆದ ಚೀನಾ. ಯಾವ ದೇಶವಾದರೂ 'ಇರಲಿಲ್ಲ'ದಿಂದ ಹೊರಟು 'ಇದೆ'ಗೆ ಏರಿ, ಎಂದೋ ಒಂದು ದಿನ 'ಇತ್ತು' ಎನ್ನಲು ಕಲಿಯಬೇಕು. ಹಂಪಿಯ ನೆರೆಯಲ್ಲಿ ಬಾಳುವ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಅರಬರ ಕುದುರೆಗಳೂ ಚೀನಾದ ರೇಷ್ಮೆಯೂ ಮಾರಾಟವಾದ ಬೀದಿಯ ಕಲ್ಲುಕಂಬಗಳಿಗೆ ಒರಗಿಯೇ ನಾವು ಬುತ್ತಿ ಬಿಚ್ಚಿ ಊಟ ಮಾಡಿದವರು. ಸಂಡೂರಿನ ಗುಡ್ಡಗಳ ಕೆಂಪು ಅದಿರು ರಸ್ತೆಯನ್ನೂ ಮರಗಳನ್ನೂ ಕೆಂಪಾಗಿಸುತ್ತ ಚೀನಾಕ್ಕೆಂದು ಬಂದರಿಗೆ ಹೋಗುತ್ತಿದ್ದುದನ್ನು ನೋಡಿದ ಕಣ್ಣುಗಳಿಂದಲೇ, ಅದೇ ಅದಿರು ಇಲ್ಲಿಯೇ ಉಕ್ಕಾಗುವುದನ್ನೂ ನೋಡುತ್ತಿದ್ದೇವೆ.

ನಾನು ಹೀಗೆ ಅಲೆಯುತ್ತಿದ್ದಾಗ ಅತ್ತೆ ಮಂಡಕ್ಕಿ ಒಗ್ಗರಣೆಯ ತಟ್ಟೆಗಳನ್ನು ಇಟ್ಟು, ಬಿಸಿ ಮಿರ್ಚಿ ಬಜ್ಜಿ ಬಡಿಸುತ್ತ, ತೀರ ಸಹಜವಾಗಿ ಕೇಳಿದರು. "ಎಲ್ಲಿ ಹೋತ್ರಿ ಯುರ್ಗಣ್ಣ, ನಿಮ್ಮ ಕಾರ್ಖಾನೆ?"

"ಚೀನಾಗೆ ಹೋಯಿತು," ಎಂದರು ಯುರ್ಗೆನ್.

ನಾನು ವ್ಯಾಪಾರ ಹೋಯಿತು ಎಂಬರ್ಥದಲ್ಲಿ ಹೇಳುತ್ತಿದ್ದಾರೆಂದುಕೊಂಡೆ. ಹಾಗಲ್ಲ, ಕಾರ್ಖಾನೆಯೇ ಹೋಗಿತ್ತು. ಅವರ ತಂದೆ ಇಡೀ ಆಯುಷ್ಯ ಕುಲುಮೆಯ ಮುಂದೆ ದುಡಿದ ಕಾರ್ಖಾನೆ ಮುಚ್ಚಿದಾಗ ಚೀನಾದ ಕಂಪನಿಯೊಂದು ಅದನ್ನು ಕೊಂಡು, ನೂರಾರು ಜನರನ್ನು ಕಳಿಸಿ, ಕುಲುಮೆಯಿಂದ ಹಿಡಿದು ಏಣಿಯವರೆಗೆ ಒಂದೊಂದನ್ನೂ ಬಿಚ್ಚಿ ಹಡಗಿನಲ್ಲಿ ಸಾಗಿಸಿತ್ತು. ಈಗ ಆ ಜಾಗದಲ್ಲಿ ಕೆರೆಯಿದೆಯಂತೆ. ಯುರ್ಗೆನ್ ತಮ್ಮ ಊರಿನ ಹೆಸರು ಹೇಳಿದರು.

ಲಿಯು ತಟ್ಟೆಯನ್ನು ಕೆಳಗಿಟ್ಟರು. ಅವರ ಮುಖದಲ್ಲಿ ನಗು ಇರಲಿಲ್ಲ.

"ನಾನು ಬಂದಿದ್ದೆ," ಎಂದರು. "ಆ ಊರಿಗೆ. ಬಿಚ್ಚಿದ್ದು ನಾವು."

ಯುರ್ಗೆನ್ ಚಹಾ ಮುಗಿಸಿ, ಇಂಗ್ಲಿಷಿನ ಒಂದು ಪದವನ್ನೂ ಆಡಿರದಿದ್ದರೂ ತಮ್ಮ ಕಪ್ಪನ್ನು ತಾವೇ ತೊಳೆದಿಟ್ಟು, ಅತ್ತೆಗೆ ಕೈಮುಗಿದು ಹೊರಟುಹೋದರು.

ಮುಂದಿನ ಭಾನುವಾರ ಲಿಯು ಒಬ್ಬರೇ ಬಂದರು. ಕಾರ್ಖಾನೆಯಲ್ಲೂ ಯುರ್ಗೆನ್ ಕೆಲಸದ ಮಾತು ಬಿಟ್ಟು ಬೇರೇನೂ ಆಡುತ್ತಿಲ್ಲವೆಂದರು. ಪುಸ್ತಕ ತೆರೆಯಲಿಲ್ಲ. "ಟೀಚರ್, ನಾನು ಕಳ್ಳ ಅಲ್ಲ," ಎಂದರು.

ಮುರುಕು ಕನ್ನಡದಲ್ಲಿ, ಪದ ಸಿಗದಲ್ಲಿ ಕೈಯಾಡಿಸುತ್ತ, ಅವರು ಹೇಳಿದ್ದನ್ನು ನಾನು ಕೂಡಿಸಿ ಹೇಳುತ್ತೇನೆ. ಆಗ ಅವರು ಹಳ್ಳಿಯಿಂದ ಮೊದಲ ಬಾರಿಗೆ ಹೊರಬಿದ್ದ ತರುಣ. ಮೈ ಕೊರೆಯುವ ಚಳಿ. ಒಂದೊಂದು ಭಾಗದ ಮೇಲೂ ಬಣ್ಣದಲ್ಲಿ ಅಂಕಿ ಬರೆಯುವುದು ಅವರ ಕೆಲಸ; ಒಂದು ಅಂಕಿ ತಪ್ಪಿದರೆ ಜರ್ಮನಿಯಲ್ಲಿ ಬಿಚ್ಚಿದ್ದು ಚೀನಾದಲ್ಲಿ ಕೂಡುವುದಿಲ್ಲ. ಆ ಯಂತ್ರಗಳನ್ನು ಅವರು ಬೆರಗಿನಿಂದ ನೋಡಿದ್ದರು. ಅಷ್ಟು ಹಳೆಯದಾದರೂ ಒಂದು ತಿರುಪೂ ತುಕ್ಕು ಹಿಡಿದಿರಲಿಲ್ಲ. ಇದನ್ನು ಸಾಕಿದವರು ಎಂಥವರೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರಂತೆ. ಆದರೆ ಸಾಕಿದವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು, ಇವರು ಈಚೆ.

"ಒಂದು ವರ್ಷ ಇದ್ದೆ ಟೀಚರ್. ಯಾರೂ ಬೈದಿಲ್ಲ. ಯಾರ ಮನೆಗೂ ಹೋಗಿಲ್ಲ."

ಅತ್ತೆ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಅವರ ತವರು ಕಂಪ್ಲಿ. ಅವರ ತಂದೆಯದು ಅಕ್ಕಿ ಗಿರಣಿ. ಇಂಗ್ಲೆಂಡಿನಲ್ಲಿ ತಯಾರಾದ ಎಣ್ಣೆ ಇಂಜಿನ್ ಅಲ್ಲಿತ್ತೆಂದು ನನಗೆ ಗೊತ್ತಿತ್ತು, ಅದು ಹೋದ ಕಥೆಯನ್ನು ಕೇಳಿದ್ದು ಅಂದೇ.

"ಕರೆಂಟ್ ಮೋಟ್ರು ಬಂದ್ಮ್ಯಾಲೆ ಗಂಗಾವತಿಯವ್ರು ಬಂದು ಇಂಜಿನ್ ಒಯ್ದ್ರು," ಎಂದರು ಅತ್ತೆ, ಲಿಯು ಅವರ ಎದುರು ಕೂತು. "ನಮ್ಮಪ್ಪ ಮಾರಿದ್ದು ತಾನ, ಆದ್ರ ಬಂದವ್ರ ಮುಖ ನೋಡ್ಲಿಲ್ಲ. ಒಳಗ ಹೋಗಿ ಮಲಗಿದ. ನಮ್ಮವ್ವ ಇಂಜಿನ್‌ಗೆ ಕುಂಕುಮ ಹಚ್ಚಿ ಕಾಯಿ ಒಡೆದು, ಬಂದವ್ರಿಗೆ ಉಣ್ಣಾಕ ಇಕ್ಕಿ ಕಳ್ಸಿದ್ಳು. ಅಪ್ಪಗ ಸಿಟ್ಟು ಇದ್ದದ್ದು ಅವ್ರ ಮ್ಯಾಲಲ್ಲ, ಲಿಯಪ್ಪ. ಯಾರ ಮ್ಯಾಲೆ ಅಂತ ಅವಗೂ ತಿಳೀಲಿಲ್ಲ. ನಿಮಗ ಅಲ್ಲಿ ಉಣ್ಣಾಕ ಇಕ್ಕೋರು ಯಾರೂ ಇದ್ದಿಲ್ಲ, ಅಷ್ಟ."

ಲಿಯು ಅವರಿಗೆ ಎಷ್ಟು ಅರ್ಥವಾಯಿತೋ, ತಲೆಯಾಡಿಸಿದರು. ಅತ್ತೆ ನನ್ನ ಫೋನಿನಿಂದಲೇ ಯುರ್ಗೆನ್‌ಗೆ ಕರೆ ಮಾಡಿಸಿದರು. "ಯುರ್ಗಣ್ಣ, ಈ ವಾರ ಯಾಕ ಬರ್ಲಿಲ್ಲ? ಮುಂದಿನ ವಾರ ಬರ್ರಿ. ಒಲ್ಲೆ ಅನ್ನಬ್ಯಾಡ್ರಿ."

ಅವರು ಬಂದರು. ಬಂದವರೇ ಕೂರದೆ, ಲಿಯು ಅವರ ಎದುರು ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಂತಿದ್ದ ವಾಕ್ಯವನ್ನು ಹೇಳಿದರು.

"ಅಪ್ಪನಿಗೆ ಫೋನ್ ಮಾಡಿದೆ. ನಿಮ್ಮ ಬಗ್ಗೆ ಹೇಳಿದೆ. ಅಪ್ಪ ಒಂದೇ ಕೇಳಿದರು. ಅದು ಓಡ್ತದಾ?"

"ಓಡ್ತದ್ರಿ," ಎಂದರು ಲಿಯು. "ಇವತ್ತೂ ಓಡ್ತದ."

ಅಷ್ಟೂ ವರ್ಷ ಆ ಮುದುಕರು ಅದು ಗುಜರಿಗೆ ಹೋಗಿರಬೇಕೆಂದೇ ತಿಳಿದಿದ್ದರಂತೆ. ಲಿಯು ಕೂಡಲೇ ಚೀನಾದ ಆ ಕಾರ್ಖಾನೆಯ ಗೆಳೆಯರೊಬ್ಬರಿಗೆ ಫೋನ್ ಮಾಡಿದರು. ಒಗ್ಗರಣೆ ಆರಿಹೋಗುವಷ್ಟರಲ್ಲಿ ಒಂದು ವಿಡಿಯೋ ಬಂತು. ನಾಲ್ವರೂ ಆ ಪುಟ್ಟ ಪರದೆಯ ಮೇಲೆ ಬಗ್ಗಿದೆವು. ಕೆಂಡದ ಹಾಗೆ ಹೊಳೆಯುವ ಉಕ್ಕಿನ ಹಾಳೆ ಉರುಳೆಗಳ ಮೇಲೆ ಜಾರಿ ಬರುತ್ತಿತ್ತು. ಶಿರಸ್ತ್ರಾಣ ತೊಟ್ಟ ಹೆಣ್ಣುಮಗಳೊಬ್ಬಳು ಯಂತ್ರ ನಡೆಸುವ ಗುಂಡಿಗಳ ಮುಂದೆ ಕೂತಿದ್ದಳು. ಅವಳ ಹಿಂದಿನ ಕಬ್ಬಿಣದ ಹಲಗೆಯ ಮೇಲೆ ಮಾಸಿದ ಜರ್ಮನ್ ಅಕ್ಷರಗಳು, ಅದರ ಪಕ್ಕದಲ್ಲೇ ಬಣ್ಣದಲ್ಲಿ ಬರೆದ ಒಂದು ಅಂಕಿ. ಲಿಯು ಆ ಅಂಕಿಯನ್ನು ಬೆರಳಿನಿಂದ ಮುಟ್ಟಿ, ತಮ್ಮ ಎದೆಯತ್ತ ಬೆರಳು ಮಾಡಿದರು.

"ಆ ಕುಲುಮಿಯೊಳಗ ನಮ್ಮ ಸಂಡೂರು ಗುಡ್ಡದ ಮಣ್ಣೂ ಬೆಂದಿರಬೌದು," ಎಂದರು ಅತ್ತೆ. ಇಲ್ಲವೆನ್ನಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ದೇಶಗಳನ್ನು ಹೋಲಿಸುವವರು ಯಾರು ಮುಂದೆ, ಯಾರು ಹಿಂದೆ ಎಂದು ಅಳೆಯುತ್ತಾರೆ. ಅಳೆಯಲಿ, ಅದೂ ಬೇಕಾದ ವಿದ್ಯೆಯೇ. ನನಗೆ ಆ ಸಂಜೆ ಕಂಡದ್ದು ಬೇರೆ. ಇನ್ನೊಂದು ಖಂಡದಲ್ಲಿ ಮತ್ತೆ ಹುಟ್ಟುವಷ್ಟು ಗಟ್ಟಿಯಾಗಿ ಯಂತ್ರವನ್ನು ಸಾಕಿದ ಜನ ಒಂದು ಕಡೆ. ಇನ್ನೊಬ್ಬರ ನಾಡಿನ ಚಳಿಯಲ್ಲಿ ಒಂದು ತಿರುಪೂ ಕಳೆಯದಂತೆ ಅಂಕಿ ಬರೆದು ಹೊತ್ತು ತಂದು ನಿಲ್ಲಿಸಿದ ಜನ ಇನ್ನೊಂದು ಕಡೆ. ಇಬ್ಬರ ಮುಂದೆಯೂ ನನ್ನ ತಲೆ ತಾನಾಗಿ ಬಾಗಿತು. ನಾವು ಮಾಡಿದ್ದೇನು ಎಂದರೆ, ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದು. ಅದನ್ನೂ ಮಾಡಿದವರು ಅತ್ತೆ.

ಯುರ್ಗೆನ್ ಆ ವಿಡಿಯೋವನ್ನು ತಂದೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅಂಗಳಕ್ಕೆ ಹೋಗಿ ಮಾತಾಡಿದರು. ಅವರು ಆಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು. ಒಳಗೆ ಬಂದಾಗ ಕಣ್ಣುಗಳು ಒದ್ದೆಯಾಗಿದ್ದವು. ನನ್ನತ್ತ ತಿರುಗಿ, ಇನ್ನೊಬ್ಬರನ್ನು ಮನೆಗೆ ಕರೆಯಬೇಕಾದರೆ ಏನನ್ನಬೇಕು ಎಂದು ಕೇಳಿದರು. ನಾನು 'ದಯವಿಟ್ಟು ಆಗಮಿಸಬೇಕು' ಎಂದು ಶುರು ಮಾಡುವ ಮೊದಲೇ ಅತ್ತೆ ಹೇಳಿಕೊಟ್ಟರು.

ಯುರ್ಗೆನ್ ಈ ಸಲ ಲಿಯು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಒಂದೊಂದೇ ಪದವನ್ನು ಆರಿಸಿ ಹೇಳಿದರು.

"ನಮ್ಮಪ್ಪ ಕರ್ದಾರ. ನಮ್ಮ ಮನಿಗೆ ಬರ್ರಿ. ಊಟಕ್ಕ ಬರ್ರಿ."

ಲಿಯು ಉತ್ತರಿಸಲು ಬಾಯಿ ತೆರೆದರು. ಬಂದದ್ದು ಚೀನೀ ಭಾಷೆ. ನಮಗ್ಯಾರಿಗೂ ತಿಳಿಯದ ಆ ಒಂದೆರಡು ಮಾತಿಗೆ ಏನರ್ಥವೆಂದು ನಾವು ಕೇಳಲಿಲ್ಲ.